ಎಡಕ್ಕೂ ದಾರಿಯುಂಟು

ಮಾರಿಯೋ ಆಡಿದವರಿಗೆಲ್ಲ ಗೊತ್ತು, ದಾರಿ ಇರುವುದು ಬಲಕ್ಕೆ. ತೊಂಬತ್ತರ ದಶಕದಲ್ಲಿ ಮನೆಯ ಟಿವಿಗೆ ವೈರು ಚುಚ್ಚಿ, ಕ್ಯಾಸೆಟ್ ತೂರಿಸಿ ನಮ್ಮಲ್ಲಿ ಅನೇಕರು ಆಡಿದ ಆಟಗಳಲ್ಲಿ ಹೆಚ್ಚಿನವು ಹಾಗೆಯೇ. ಮಾರಿಯೋ ಆಗಲಿ ಕಾಂಟ್ರಾ ಆಗಲಿ, ಪರದೆ ಸರಿದಂತೆ ನಾವೂ ಸರಿಯಬೇಕು. ದಾಟಿ ಬಂದ ಜಾಗ ಎಡ ಅಂಚಿನಲ್ಲಿ ಮಾಯವಾದರೆ ಅದರ ಋಣ ಮುಗಿಯಿತು. 1985ರ ಸೂಪರ್ ಮಾರಿಯೋ ಬ್ರದರ್ಸ್‌ನಲ್ಲಿ ಬಿಟ್ಟುಬಂದ ನಾಣ್ಯವೊಂದು ನೆನಪಾಗಿ ಹಿಂದಕ್ಕೆ ಹೊರಟರೆ ಪರದೆ ಒಪ್ಪುವುದಿಲ್ಲ. ಮಾರಿಯೋ ಅಂಚಿಗೆ ಮೂಗು ತಾಗಿಸಿಕೊಂಡು ನಿಂತಲ್ಲೇ ಓಡುತ್ತಿರುತ್ತಾನೆ.

ಮರುವರ್ಷ, 1986ರ ಆಗಸ್ಟ್ ತಿಂಗಳಲ್ಲಿ, ಅದೇ ನಿಂಟೆಂಡೊ ಕಂಪನಿ ಜಪಾನಿನಲ್ಲಿ ‘ಮೆಟ್ರಾಯ್ಡ್’ ಎಂಬ ಆಟವನ್ನು ಹೊರತಂದಿತು. ಝೆಬೆಸ್ ಎಂಬ ಗ್ರಹದ ಒಡಲಿಗೆ ಕವಚ ತೊಟ್ಟ ಸಾಮಸ್ ಆರಾನ್ ಇಳಿದಿದ್ದಾಳೆ. (ಅವಳು ಹೆಣ್ಣೆಂಬುದು ಆಟ ಮುಗಿದ ಮೇಲೆ, ಅದೂ ಬೇಗ ಮುಗಿಸಿದವರಿಗಷ್ಟೇ ತಿಳಿಯುತ್ತಿತ್ತು.) ಅಭ್ಯಾಸಬಲದಿಂದ ಬಲಕ್ಕೆ ಓಡಿದರೆ ಸ್ವಲ್ಪ ಹೊತ್ತಿಗೇ ನೆಲಕ್ಕಂಟಿದ ಕಿರುಸಂದಿಯೊಂದು ಅಡ್ಡ ಬರುತ್ತದೆ, ನಿಂತವರು ಅದರಲ್ಲಿ ತೂರಲಾರರು. ಹಾರಿದರೂ ಅಷ್ಟೇ, ಗುಂಡು ಹಾರಿಸಿದರೂ ಅಷ್ಟೇ. ಸೋತು ಹಿಂದಕ್ಕೆ ಬಂದು, ಆಟ ಶುರುವಾದ ಜಾಗವನ್ನೂ ದಾಟಿ ಎಡಕ್ಕೆ ಹೋದರೆ ಅಲ್ಲೊಂದು ವಸ್ತು ಕಾದಿದೆ. ಅದನ್ನು ಮುಟ್ಟಿದೊಡನೆ ಸಾಮಸ್ ಮೈ ಮುದುಡಿ ಚೆಂಡಾಗಿ ಉರುಳಬಲ್ಲಳು. ಇದೇ ಮಾರ್ಫ್ ಬಾಲ್. ತೆವಳುವ ಭಂಗಿಗಳನ್ನು ಬಿಡಿಸುವುದಕ್ಕಿಂತ ಉರುಳುವ ಚೆಂಡನ್ನು ಬಿಡಿಸುವುದು ಸುಲಭವೆಂದು ಕಲಾವಿದರು ಹುಡುಕಿಕೊಂಡ ಉಪಾಯವದು. ಈಗ ಬಲಗಡೆಯ ಸಂದಿ ಸಂದಿಯಲ್ಲ, ಬಾಗಿಲು.

ಪಕ್ಕದಿಂದ ನೋಡುತ್ತ, ಹಾರುತ್ತ ಹತ್ತುತ್ತ, ಅಲೆದಲೆದು ಹುಡುಕುವ ಈ ಬಗೆಯ ಆಟಗಳಿಗೆ ಇಂದು ಮೆಟ್ರಾಯ್ಡ್‌ವೇನಿಯಾ ಎಂಬ ಹೆಸರು ನಿಂತಿದೆ. ಮೆಟ್ರಾಯ್ಡ್‌ನ ತಲೆಗೆ ಕೊನಾಮಿ ಕಂಪನಿಯ ಕ್ಯಾಸಲ್‌ವೇನಿಯಾದ ಬಾಲ ಸೇರಿಸಿದ್ದು. ಇಲ್ಲಿ ಒಂದಾದ ಮೇಲೊಂದು ಲೆವೆಲ್ ಇರುವುದಿಲ್ಲ. ಇರುವುದು ಒಂದೇ ಲೋಕ, ಅದರಲ್ಲಿ ನೂರಾರು ಕೋಣೆ, ಸುರಂಗ, ಬಾವಿ. ಮೊದಲ ದಿನವೇ ನೀವು ಹತ್ತಾರು ಕಡೆ ತಡೆ ಕಂಡು ನಿಲ್ಲುತ್ತೀರಿ. ಒಂದು ಕಟ್ಟೆ ಎತ್ತರವಾಯಿತು, ಒಂದು ಬಾಗಿಲಿನ ಬಣ್ಣ ಬೇರೆ, ಒಂದು ಕೋಣೆಯ ಕಾವು ಮೈ ಸುಡುತ್ತದೆ. ಮುಂದೆಲ್ಲೋ ಎರಡನೆಯ ನೆಗೆತವೋ, ಗೋಡೆ ಹಿಡಿಯುವ ಉಗುರೋ, ಕಾವು ತಾಳುವ ಕವಚವೋ ಸಿಗುತ್ತದೆ. ಆಗ ನೆನಪು ಹಿಂದಕ್ಕೆ ಓಡುತ್ತದೆ: ‘ಅಲ್ಲೆಲ್ಲೋ ಒಂದು ಕಟ್ಟೆ ಇತ್ತಲ್ಲ!’

ಅಜ್ಜಿಮನೆಯ ನೆಲುವು ನೆನಪಿರುವವರಿಗೆ ಈ ಸುಖವನ್ನು ಬಿಡಿಸಿ ಹೇಳಬೇಕಿಲ್ಲ. ಬೆಣ್ಣೆಗಡಿಗೆ ಕಣ್ಣೆದುರಿಗೇ ತೂಗುತ್ತಿರುತ್ತದೆ, ಕೈಗೆ ಎಟುಕುವುದಿಲ್ಲ. ವರ್ಷಗಳು ಕಳೆದು ಅದೇ ಅಡುಗೆಮನೆಗೆ ಹೋದಾಗ ಕೈ ಸುಮ್ಮನೆ ಎತ್ತಿದರೂ ಗಡಿಗೆಗೆ ತಾಗುತ್ತದೆ. ನೆಲುವು ಇಳಿದಿಲ್ಲ, ನಾವು ಬೆಳೆದಿದ್ದೇವೆ. ಹಾಗಾಗಿ ಇಂಥ ಆಟಗಳಲ್ಲಿ ಯಾವುದು ಶ್ರೇಷ್ಠ ಎಂದು ಯಾರಾದರೂ ಕೇಳಿದರೆ ನಾನು ಚಿತ್ರದ ಚೆಲುವನ್ನೋ ಕಾಳಗದ ಬಿರುಸನ್ನೋ ಮೊದಲು ನೋಡುವುದಿಲ್ಲ. ಹಿಂದಿರುಗುವ ದಾರಿಯನ್ನು ನೋಡುತ್ತೇನೆ. ಒಂದು ಕೋಣೆಯನ್ನು ಎರಡನೆಯ ಸಲ ಹೊಕ್ಕಾಗ ಅದು ಬೇರೆಯ ಕೋಣೆಯಾಗಿ ಕಾಣಬೇಕು. ಅದನ್ನು ಸಾಧಿಸಿದರೆ ಉಳಿದ ಕೊರತೆಗಳನ್ನು ಮನ್ನಿಸಬಹುದು. ಅದನ್ನು ಸಾಧಿಸದಿದ್ದರೆ ಹಳೆಯ ಜಾಗಗಳಿಗೆ ಮರಳುವುದೆಂದರೆ ಬಸ್ ತಪ್ಪಿಸಿಕೊಂಡು ನಡೆದು ಹೋಗುವಷ್ಟೇ ಬೇಸರ.

ಈ ಅಳತೆಗೋಲು ಹಿಡಿದು ನೋಡಿದರೆ 1994ರ ‘ಸೂಪರ್ ಮೆಟ್ರಾಯ್ಡ್’ ಇಂದಿಗೂ ಎದ್ದು ನಿಲ್ಲುತ್ತದೆ. ಯೊಶಿಯೊ ಸಕಾಮೊಟೊ ನಿರ್ದೇಶಿಸಿದ ಆಟ, 24 ಮೆಗಾಬಿಟ್‌ನ ಕ್ಯಾಸೆಟ್. ಇಂದಿನ ಲೆಕ್ಕದಲ್ಲಿ ಮೂರು ಮೆಗಾಬೈಟ್. ಮೊಬೈಲಿನಲ್ಲಿ ತೆಗೆದ ಒಂದು ಫೋಟೊದಷ್ಟು. ಅದರ ಮೊದಲ ಅರ್ಧ ಗಂಟೆಯನ್ನು ನಿಧಾನವಾಗಿ ಬಿಡಿಸಿ ನೋಡುವುದು ಲಾಭದಾಯಕ, ಏಕೆಂದರೆ ಈ ಕಸುಬಿನ ಅರ್ಧ ವಿದ್ಯೆ ಅಲ್ಲೇ ಇದೆ.

ಸಾಮಸ್‌ಳ ನೌಕೆ ಮತ್ತೆ ಝೆಬೆಸ್ ಮೇಲೆ ಇಳಿಯುತ್ತದೆ. ಮಳೆ, ಸಿಡಿಲು. ಎಡಗಡೆಯಿಂದ ಕೆಳಗಿಳಿದರೆ ಸಿಗುವುದು ಹಾಳುಬಿದ್ದ ಕೊಳವೆಬಾವಿಯಂಥ ಉದ್ದನೆಯ ಜಾಗ. ಮೊದಲ ಆಟವನ್ನು ಆಡಿದವರು ಇಲ್ಲಿ ಬೆಚ್ಚುತ್ತಾರೆ: ಅದರ ಕೊನೆಯಲ್ಲಿ ಪ್ರಾಣ ಉಳಿಸಿಕೊಳ್ಳಲು ಹತ್ತಿ ಓಡಿದ ಬಾವಿಯೇ ಇದು. ಇನ್ನೂ ಒಳಗೆ, ಹಿಂದೆ ಕೊಂದಿದ್ದ ವೈರಿಯ ಒಡೆದ ಗಾಜಿನ ತೊಟ್ಟಿ. ಎಲ್ಲೂ ಒಬ್ಬ ಶತ್ರುವಿಲ್ಲ. ಇನ್ನೂ ಕೆಳಗಿಳಿದರೆ ಹಳೆಯ ಆಟ ಶುರುವಾದ ಅದೇ ಸುರಂಗ, ಅಲ್ಲಿಂದ ಎಡಕ್ಕೆ ಹೋದರೆ ಅದೇ ಜಾಗದಲ್ಲಿ ಮಾರ್ಫ್ ಬಾಲ್. ಅದನ್ನೂ ಒಂದಿಷ್ಟು ಕ್ಷಿಪಣಿಗಳನ್ನೂ ತೆಗೆದುಕೊಂಡು ಹಿಂದಿರುಗಿದರೆ ಗೋಡೆಯ ಕಣ್ಣೊಂದು ಬೆಳಕು ಬೀರುತ್ತ ಅವಳನ್ನು ಹಿಂಬಾಲಿಸುತ್ತದೆ. ಮೇಲೆ ಬಂದರೆ ಇಷ್ಟು ಹೊತ್ತು ಖಾಲಿ ಬಿದ್ದಿದ್ದ ಕೋಣೆಗಳಲ್ಲಿ ದರೋಡೆಕೋರರು ತುಂಬಿದ್ದಾರೆ, ಸಂಗೀತ ಬದಲಾಗಿದೆ. ಗ್ರಹ ಎಚ್ಚರಗೊಂಡಿದೆ.

ಇಷ್ಟರಲ್ಲಿ ದಾರಿ ತೋರುವ ಒಂದು ಮಾತೂ ಪರದೆಯ ಮೇಲೆ ಬಂದಿಲ್ಲ. ‘ಹಿಂದಕ್ಕೆ ಹೋಗು’ ಎಂದು ಬಾಣದ ಗುರುತಿಲ್ಲ. ಆದರೂ ಆಟಗಾರ ಮೂರು ಪಾಠ ಕಲಿತಾಗಿದೆ: ದಾಟಿದ ಜಾಗ ಮುಗಿದ ಜಾಗವಲ್ಲ, ಖಾಲಿ ಕೋಣೆಯನ್ನೂ ನೋಡಿಟ್ಟುಕೊಳ್ಳಬೇಕು, ಕೈಗೆ ಸಿಕ್ಕ ವಸ್ತುವಿಗೂ ಲೋಕಕ್ಕೂ ಸಂಬಂಧವಿದೆ. ಬಾಗಿಲುಗಳ ಬಣ್ಣವೂ ಇಂಥದೇ ಮೂಕಭಾಷೆ. ನೀಲಿಗೆ ಯಾವ ಗುಂಡಾದರೂ ಸಾಕು, ಕೆಂಪಿಗೆ ಕ್ಷಿಪಣಿ ಬೇಕು, ಹಸಿರಿಗೆ ಸೂಪರ್ ಕ್ಷಿಪಣಿ, ಹಳದಿಗೆ ಪವರ್ ಬಾಂಬ್. ಇನ್ನೂ ಕೈಯಲ್ಲಿಲ್ಲದ ಆಯುಧದ ಬಾಗಿಲು ಕಂಡಾಗ ಸಿಟ್ಟು ಬರುವುದಿಲ್ಲ. ಸಾಲ ವಸೂಲಿಗೆ ಬರುತ್ತೇನೆಂದು ಮನಸ್ಸಿನಲ್ಲೇ ಬರೆದಿಟ್ಟು ಮುಂದೆ ನಡೆಯುತ್ತೇವೆ.

ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ಇನ್ನೊಂದು. ಬ್ರಿನ್‌ಸ್ಟಾರ್ ಎಂಬ ಪ್ರದೇಶದಲ್ಲಿ ಒಂದು ಆಳವಾದ ಬಾವಿಗೆ ಇಳಿದರೆ ಮೇಲಕ್ಕೆ ಬರಲು ಮೆಟ್ಟಿಲಿಲ್ಲ. ಅಲ್ಲಿ ಕೋತಿಯಂಥ ಮೂರು ಹಸಿರು ಮರಿಗಳು. ಅವು ಎದುರು ಬದುರಿನ ಗೋಡೆಗಳಿಗೆ ಕಾಲೊದ್ದು ಟಣ್ ಟಣ್ ಎಂದು ಮೇಲೇರಿ ತೋರಿಸುತ್ತವೆ. ಇನ್ನೊಂದು ಕಡೆ ಉಷ್ಟ್ರಪಕ್ಷಿಯಂಥ ಪ್ರಾಣಿಯೊಂದು ರಭಸದಿಂದ ಓಡಿ, ಕುಗ್ಗಿ, ರಾಕೆಟ್ಟಿನಂತೆ ಚಿಮ್ಮುತ್ತದೆ. ನೋಡಿ ಕಲಿಯಬೇಕು. ಗೋಡೆ ಒದ್ದು ಹಾರುವ ಈ ವಿದ್ಯೆ ಯಾವ ಪೀಠದ ಮೇಲೂ ಇಟ್ಟ ವಸ್ತುವಲ್ಲ. ಆಟದ ಮೊದಲ ಕ್ಷಣದಿಂದಲೇ ಸಾಮಸ್‌ಗೆ ಅದು ಬರುತ್ತಿತ್ತು, ಗೊತ್ತಿಲ್ಲದಿದ್ದುದು ನಮಗೆ. ಗೊತ್ತಾದವರು ಮುಂದಿನ ಸಲ ಆಡುವಾಗ ನಿಯತ ದಾರಿಯನ್ನೇ ಬಿಟ್ಟು, ಆಮೇಲೆ ಸಿಗಬೇಕಾದದ್ದನ್ನು ಮೊದಲೇ ಕಿತ್ತುಕೊಂಡು ಬರುತ್ತಾರೆ. ವೇಗವಾಗಿ ಆಟ ಮುಗಿಸುವುದನ್ನೇ ಪಂದ್ಯ ಮಾಡಿಕೊಂಡ ಜನ ಮೂವತ್ತು ವರ್ಷ ಕಳೆದರೂ ಈ ಆಟದಲ್ಲಿ ಹೊಸ ಅಡ್ಡದಾರಿ ಹುಡುಕುತ್ತಿದ್ದಾರೆಂದರೆ ಆಶ್ಚರ್ಯವಿಲ್ಲ. ಕೊನೆಗೆ ಗ್ರಹ ಸ್ಫೋಟಗೊಳ್ಳುವ ಮುನ್ನ ಓಡುವಾಗ, ಆತುರದ ನಡುವೆ ಸ್ವಲ್ಪ ದಾರಿ ಬದಲಿಸಿದರೆ ಆ ಮರಿಗಳನ್ನೂ ಹಕ್ಕಿಯನ್ನೂ ಬಿಡಿಸಿ ಕಳಿಸಬಹುದು. ಬಿಡಿಸಲೇಬೇಕೆಂಬ ನಿಯಮವಿಲ್ಲ. ಗೇಮ್ಸ್ ಡನ್ ಕ್ವಿಕ್ ಎಂಬ ಧರ್ಮಾರ್ಥ ಮೇಳದಲ್ಲಿ ಪ್ರಾಣಿಗಳನ್ನು ಉಳಿಸುವುದೋ ಬಿಡುವುದೋ ಎಂಬುದರ ಮೇಲೆ ನೋಡುಗರು ದೇಣಿಗೆ ಹರಾಜು ನಡೆಸುವುದು ಒಂದು ಸಂಪ್ರದಾಯವೇ ಆಗಿಬಿಟ್ಟಿದೆ. ಮಾತೇ ಆಡದ ನಾಲ್ಕು ಗುರುಗಳಿಗೆ ಇದಕ್ಕಿಂತ ದೊಡ್ಡ ಗುರುದಕ್ಷಿಣೆ ಇನ್ನೇನಿದೆ!

ಕ್ಯಾಸಲ್‌ವೇನಿಯಾದ ದಾರಿ ಬೇರೆ. 1997ರಲ್ಲಿ ಪ್ಲೇಸ್ಟೇಷನ್‌ಗೆ ಬಂದ ‘ಸಿಂಫನಿ ಆಫ್ ದ ನೈಟ್’ ಆಟದಲ್ಲಿ ಡ್ರಾಕುಲಾನ ಮಗ ಅಲುಕಾರ್ಡ್ ತಂದೆಯ ಕೋಟೆಗೆ ನುಗ್ಗುತ್ತಾನೆ. ಟೊರು ಹಗಿಹಾರ ನಿರ್ದೇಶಕ. ಮುಂದೆ ಈ ಪರಂಪರೆಗೇ ಹೆಸರಾದ ಕೊಜಿ ಇಗಾರಶಿ ಸಹಾಯಕ ನಿರ್ದೇಶಕ. ಇಗಾರಶಿಯ ಮಾತನ್ನು ನಂಬುವುದಾದರೆ ಅವರ ತಂಡಕ್ಕೆ ಪ್ರೇರಣೆ ಮೆಟ್ರಾಯ್ಡ್ ಅಲ್ಲ, ಝೆಲ್ಡಾ ಸರಣಿಯ ಆಟಗಳು. ಇಲ್ಲಿ ಆಯುಧ, ಕವಚ, ಮಂತ್ರ, ಲೆವೆಲ್ ಏರಿಕೆ ಎಲ್ಲ ಉಂಟು. ಕೈಚಳಕ ಸಾಲದವರು ಅದೇ ಕೋಣೆಯಲ್ಲಿ ಅಸ್ಥಿಪಂಜರಗಳನ್ನು ಕೊಚ್ಚುತ್ತ ಬಲ ಹೆಚ್ಚಿಸಿಕೊಂಡು ಬಾಸ್ ಎನ್ನುವ ದೊಡ್ಡ ವೈರಿಯ ಎದುರು ನಿಲ್ಲಬಹುದು. ಮಿಚಿರು ಯಮನೆಯ ಸಂಗೀತ, ಅಯಾಮಿ ಕೊಜಿಮಾ ಬರೆದ ಮುಖಗಳು, ಊಟದ ಮೇಜಿನಿಂದ ಹಿಡಿದು ಗಡಿಯಾರದ ಗೋಪುರದವರೆಗೆ ಒಂದೊಂದು ಮೂಲೆಯಲ್ಲೂ ತುಂಬಿಟ್ಟ ವೈಭವ. ಮೆಟ್ರಾಯ್ಡ್ ಒಂಟಿತನದ ಆಟವಾದರೆ ಇದು ಜಾತ್ರೆ.

ಆದರೆ ಅದರ ನಿಜವಾದ ಕುಶಲತೆ ಅರ್ಧ ದಾರಿಯಲ್ಲಿದೆ. ಸರಿಯಾದ ಕನ್ನಡಕ ತೊಟ್ಟು ಮೋಸ ಕಂಡುಹಿಡಿಯದಿದ್ದರೆ ಆಟ ಅಲ್ಲೇ ಮುಗಿದಂತೆ ಮುಗಿದುಬಿಡುತ್ತದೆ. ಕಂಡುಹಿಡಿದವರಿಗೆ ಆಕಾಶದಲ್ಲಿ ಇನ್ನೊಂದು ಕೋಟೆ ತೆರೆಯುತ್ತದೆ. ಅದೇ ಕೋಟೆ, ತಲೆಕೆಳಗಾಗಿ. ಮೆಟ್ಟಿಲಿದ್ದಲ್ಲಿ ಮಾಳಿಗೆ, ಮಾಳಿಗೆಯಿದ್ದಲ್ಲಿ ನೆಲ. ಅಷ್ಟು ಹೊತ್ತಿಗೆ ಅಲುಕಾರ್ಡ್ ಬಾವಲಿಯಾಗಿ ಹಾರಲು ಕಲಿತಿರುವುದರಿಂದ ತಿರುಗಿಸಿಟ್ಟ ಕೋಣೆಯಲ್ಲೂ ಓಡಾಡಬಲ್ಲ. ಕೋಣೆಗಳನ್ನು ಎರಡು ಬದಿಯಿಂದಲೂ ನಡೆಯುವಂತೆ ಕಟ್ಟುವುದೆಂದರೆ ಸಣ್ಣ ಕೆಲಸವಲ್ಲ. ಪೂರ್ತಿ ನೋಡಿದವರಿಗೆ ಆಟ ಕೊಡುವ ಅಂಕ ನೂರಕ್ಕೆ ನೂರಲ್ಲ, 200.6. ಒಂದು ತಕರಾರನ್ನೂ ಹೇಳಿಬಿಡಬೇಕು. ತಲೆಕೆಳಗಿನ ಕೋಟೆ ಕಲ್ಪನೆಯಾಗಿ ಅದ್ಭುತ, ಆಡುವಾಗ ಮೊದಲರ್ಧದಷ್ಟು ಬಿಗಿಯಿಲ್ಲ. ಹಾರಬಲ್ಲವನಿಗೆ ಗೋಡೆಗಳ ಭಯವಿಲ್ಲ, ಭಯವಿಲ್ಲದ ಕಡೆ ಹುಡುಕಾಟದ ರುಚಿ ಕಡಿಮೆ.

ಇಲ್ಲಿಯೇ ಈ ಕಸುಬಿನ ಒಂದು ಸೂಕ್ಷ್ಮ ಹೇಳಬೇಕು. ಸಿಕ್ಕ ಶಕ್ತಿ ಬೀಗದ ಕೈ ಮಾತ್ರವಾದರೆ ಅದು ಬಡ ಶಕ್ತಿ. ಎಷ್ಟೋ ಆಟಗಳಲ್ಲಿ ‘ನೀಲಿ ಕಲ್ಲು ಒಡೆಯುವ ಗುದ್ದು’ ಎಂಬಂಥದ್ದು ಸಿಗುತ್ತದೆ. ಅದು ನೀಲಿ ಕಲ್ಲು ಒಡೆಯುತ್ತದೆ, ಅಷ್ಟೇ. ಕೀಲಿಗೆ ಬಣ್ಣ ಬಳಿದು ಶಕ್ತಿಯೆಂದು ಕೊಟ್ಟಂತೆ. ಒಳ್ಳೆಯ ಶಕ್ತಿ ನಡಿಗೆಯನ್ನೇ ಬದಲಿಸುತ್ತದೆ, ಕಾಳಗದಲ್ಲೂ ನೆರವಾಗುತ್ತದೆ, ಬೀಗವನ್ನೂ ತೆಗೆಯುತ್ತದೆ. ಮೂನ್ ಸ್ಟುಡಿಯೋಸ್ 2015ರಲ್ಲಿ ತಂದ ‘ಓರಿ ಆ್ಯಂಡ್ ದ ಬ್ಲೈಂಡ್ ಫಾರೆಸ್ಟ್’ನಲ್ಲಿ ಬ್ಯಾಷ್ ಎಂಬ ಶಕ್ತಿಯಿದೆ. ಶತ್ರು ಉಗುಳಿದ ಬೆಂಕಿಯುಂಡೆಯ ಹತ್ತಿರ ಬಂದು ಬಟನ್ ಒತ್ತಿದರೆ ಕಾಲ ಒಂದು ಕ್ಷಣ ನಿಲ್ಲುತ್ತದೆ. ಉಂಡೆಯನ್ನು ಒಂದು ಕಡೆ ಎಸೆದು ಓರಿ ಇನ್ನೊಂದು ಕಡೆ ಚಿಮ್ಮುತ್ತಾನೆ. ಇಲ್ಲಿಯವರೆಗೆ ಕಾಟವಾಗಿದ್ದ ಶತ್ರು ಈಗ ಏಣಿ. ಹಳೆಯ ಕೋಣೆಗೆ ಮರಳಿದಾಗ ‘ಇವನೊಬ್ಬ ಇಲ್ಲಿದ್ದಾನಲ್ಲ’ ಎಂದು ಬೇಸರವಾಗುವ ಬದಲು ‘ಸದ್ಯ, ಇಲ್ಲೇ ಇದ್ದಾನೆ’ ಎಂದು ಖುಷಿಯಾಗುತ್ತದೆ. ಓರಿಯ ಉಳಿದ ಕಥೆ ನನಗೆ ಸ್ವಲ್ಪ ಹೆಚ್ಚೇ ಸಿಹಿ. ಆದರೆ ಬ್ಯಾಷ್ ಒಂದಕ್ಕಾಗಿಯೇ ಅದನ್ನು ಆಡಬಹುದು.

ಈಗ ‘ಹಾಲೋ ನೈಟ್’. ಆಸ್ಟ್ರೇಲಿಯಾದ ಅಡಿಲೇಡ್ ನಗರದ ಟೀಮ್ ಚೆರ್ರಿ ಎಂಬ ಪುಟ್ಟ ತಂಡ, ಏರಿ ಗಿಬ್ಸನ್ ಮತ್ತು ವಿಲಿಯಂ ಪೆಲೆನ್ ಅದರ ಜೀವಾಳ. 2014ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಜನರಿಂದ ಸುಮಾರು 57,000 ಆಸ್ಟ್ರೇಲಿಯನ್ ಡಾಲರ್ ಸಂಗ್ರಹಿಸಿ, 2017ರ ಫೆಬ್ರವರಿಯಲ್ಲಿ ಆಟ ಹೊರತಂದರು. ಹುಳುಗಳ ಒಂದು ರಾಜ್ಯ ಹಾಳುಬಿದ್ದಿದೆ. ಕೈಯಲ್ಲಿ ಮೊಳೆಯೊಂದನ್ನು ಕತ್ತಿಯಂತೆ ಹಿಡಿದ ಮೂಕ ಹುಳು ಅದರೊಳಗೆ ಇಳಿಯುತ್ತದೆ. ಕಾಳಗದ ಬಗ್ಗೆ, ಬಾಸ್‌ಗಳ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನನ್ನನ್ನು ಹಿಡಿದು ಕೂರಿಸಿದ್ದು ಅದರ ನಕಾಶೆ.

ಬೇರೆ ಆಟಗಳಲ್ಲಿ ನಡೆದಂತೆಲ್ಲ ನಕಾಶೆ ತಾನಾಗಿ ತುಂಬಿಕೊಳ್ಳುತ್ತದೆ. ಇಲ್ಲಿ ಹಾಗಿಲ್ಲ. ಹೊಸ ಪ್ರದೇಶಕ್ಕೆ ಕಾಲಿಟ್ಟರೆ ಕತ್ತಲಲ್ಲಿ ಕಾಲಿಟ್ಟಂತೆ; ನಕಾಶೆಯ ಹಾಳೆಯೇ ನಿಮ್ಮ ಬಳಿ ಇಲ್ಲ. ಎಲ್ಲೋ ನೆಲದ ಮೇಲೆ ಹರಿದ ಕಾಗದದ ಚೂರುಗಳು ಕಾಣುತ್ತವೆ, ಯಾರೋ ಗುನುಗುವ ಸದ್ದು ಕೇಳುತ್ತದೆ. ಆ ಗುನುಗಿನ ಬೆನ್ನು ಹತ್ತಿದರೆ ಕಾರ್ನಿಫರ್ ಎಂಬ ಸ್ಥೂಲದೇಹಿ ನಕಾಶೆಗಾರ ಸಿಗುತ್ತಾನೆ, ಕುಳಿತು ಬರೆಯುತ್ತಿರುತ್ತಾನೆ. ಅವನಿಂದ ಕೊಂಡ ನಕಾಶೆಯೂ ಅರ್ಧಂಬರ್ಧ, ಅವನು ಹೋದಷ್ಟೇ ದೂರ. ಮುಂದಿನದನ್ನು ನೀವೇ ಬರೆದುಕೊಳ್ಳಬೇಕೆಂದರೆ ಊರಿನಲ್ಲಿ ಅವನ ಹೆಂಡತಿ ಇಸೆಲ್ಡಾ ಇಟ್ಟಿರುವ ಅಂಗಡಿಯಿಂದ ಗರಿಲೇಖನಿ ಕೊಳ್ಳಬೇಕು. ಕೊಂಡರೂ ಬರೆಯುವುದು ಬೆಂಚಿನ ಮೇಲೆ ಕುಳಿತಾಗ ಮಾತ್ರ. ನಕಾಶೆಯಲ್ಲಿ ನಾನೆಲ್ಲಿದ್ದೇನೆ ಎಂದು ಕಾಣಬೇಕಾದರೆ ದಿಕ್ಸೂಚಿ ಎಂಬ ತಾಯತ ಬೇಕು, ತಾಯತಗಳಿಗೆ ಇರುವ ಕೆಲವೇ ಜಾಗಗಳಲ್ಲಿ ಒಂದನ್ನು ಅದು ತಿಂದುಬಿಡುತ್ತದೆ. ಬಲ ಬೇಕೋ, ದಾರಿ ಬೇಕೋ ಎಂಬ ಚೌಕಾಸಿ.

ಮೊದಮೊದಲು ಇದು ಪೀಡನೆ ಅನ್ನಿಸುತ್ತದೆ. ಆಮೇಲೆ ಅರ್ಥವಾಗುತ್ತದೆ: ನಕಾಶೆ ತಾನಾಗಿ ಮೂಡಿದರೆ ಕಣ್ಣು ನಕಾಶೆಯ ಮೇಲಿರುತ್ತದೆ, ಲೋಕದ ಮೇಲಿರುವುದಿಲ್ಲ. ಇಲ್ಲಿ ದಾರಿ ತಪ್ಪಿದವರು ಗುರುತುಗಳನ್ನು ಹಿಡಿದಿಟ್ಟುಕೊಳ್ಳುತ್ತಾರೆ: ಹಸಿರು ಪಾಚಿಯ ಹಾದಿ ಮುಗಿದು ಅಣಬೆಗಳು ಶುರುವಾಗುವ ತಿರುವು, ಮುರಿದ ಸೇತುವೆಯ ಬಳಿಯ ಬೆಂಚು. ಕಾರ್ನಿಫರ್‌ನ ಗುನುಗು ದೂರದಿಂದ ಕೇಳಿದಾಗ ಆಗುವ ನೆಮ್ಮದಿಯನ್ನು ಯಾವ ಬಾಣದ ಗುರುತೂ ಕೊಡಲಾರದು. ಸತ್ತರೂ ಅಷ್ಟೇ. ಕೂಡಿಟ್ಟ ಹಣವೆಲ್ಲ ಸತ್ತ ಜಾಗದಲ್ಲಿ ನೆರಳಾಗಿ ನಿಲ್ಲುತ್ತದೆ. ಹೋಗಿ ಆ ನೆರಳನ್ನು ಕೊಂದು ವಾಪಸ್ ಪಡೆಯಬೇಕು. ಹಿಂದಿರುಗಲು ಇದಕ್ಕಿಂತ ಬಲವಾದ ಕಾರಣ ಬೇಕೆ?

ಈ ಲೋಕದ ಭೂಗೋಳಕ್ಕೂ ಒಂದು ತರ್ಕವಿದೆ. ಆಟದ ನಡುವೆ ಸಿಗುವ ಕಣ್ಣೀರ ನಗರದಲ್ಲಿ ಸದಾ ಮಳೆ. ನೆಲದಡಿಯ ಊರಿನಲ್ಲಿ ಮಳೆ ಎಲ್ಲಿಂದ? ಆಟ ಬಿಡಿಸಿ ಹೇಳುವುದಿಲ್ಲ. ಬಹಳ ಕಾಲದ ಮೇಲೆ, ಬೇರೆ ಯಾವುದೋ ಕೆಲಸಕ್ಕೆ ಮೇಲಿನ ಅಂತಸ್ತಿನಲ್ಲಿ ಅಲೆಯುವಾಗ ಒಂದು ದೊಡ್ಡ ನೀಲಿ ಸರೋವರದ ದಡಕ್ಕೆ ಬರುತ್ತೀರಿ. ನಕಾಶೆ ತೆಗೆದು ನೋಡಿದರೆ ಅದು ನಗರದ ನೆತ್ತಿಯ ಮೇಲಿದೆ. ಸೋರುತ್ತಿರುವುದು ಅದೇ. ಇನ್ನೊಂದು ಕಡೆ ಮಿಡತೆಗಳನ್ನು ತಿನ್ನುವ ಜಾತಿಯ ಮ್ಯಾಂಟಿಸ್‌ಗಳ ಹಳ್ಳಿ. ಮೊದಲ ಸಲ ಹೋದಾಗ ಕಂಡಕಂಡಲ್ಲಿ ಮೇಲೆ ಬೀಳುತ್ತವೆ. ಅವುಗಳ ಮೂವರು ಒಡೆಯರನ್ನು ಅವರದೇ ಅಂಗಳದಲ್ಲಿ ಸೋಲಿಸಿದ ಮೇಲೆ ಅದೇ ಹಳ್ಳಿಯನ್ನು ಹಾದುಹೋದರೆ ಒಂದೂ ಕೈಯೆತ್ತುವುದಿಲ್ಲ. ತಲೆಬಾಗಿ ದಾರಿ ಬಿಡುತ್ತವೆ. ಅದೇ ಕೋಣೆ, ಅದೇ ಹುಳುಗಳು. ಇದಕ್ಕೆ ತದ್ವಿರುದ್ಧವಾಗಿ, ಆಟದ ಮೊದಲ ದೊಡ್ಡ ಪ್ರದೇಶವಾದ ಮರೆತುಹೋದ ಕವಲುದಾರಿಗೆ ಬಹಳ ದಿನಗಳ ಮೇಲೆ ಮರಳಿದರೆ ಅಲ್ಲೆಲ್ಲ ಕಿತ್ತಳೆ ಬಣ್ಣದ ಸೋಂಕು ಹಬ್ಬಿ, ಮೊದಲು ಒಂದೇಟಿಗೆ ಸಾಯುತ್ತಿದ್ದ ಹುಳುಗಳು ಉಬ್ಬಿ ಸಿಡಿಯುವ ಪಿಶಾಚಿಗಳಾಗಿವೆ. ಒಂದೇ ಆಟದಲ್ಲಿ ಒಂದು ಜಾಗ ಸ್ನೇಹಿತನಾಗುತ್ತದೆ, ಇನ್ನೊಂದು ವೈರಿಯಾಗುತ್ತದೆ. ನಾನು ಹೇಳುತ್ತಿರುವ ಅಳತೆಯಲ್ಲಿ ಇದಕ್ಕೆ ಸರಿಸಾಟಿ ಸೂಪರ್ ಮೆಟ್ರಾಯ್ಡ್ ಒಂದೇ.

ಇದರ ಮುಂದಿನ ಕಥೆ ‘ಸಿಲ್ಕ್‌ಸಾಂಗ್’ 2025ರ ಸೆಪ್ಟೆಂಬರ್ 4ರಂದು ಬಂತು. ಮೊದಲ ಆಟಕ್ಕೆ ಜೋಡಿಸಬೇಕಿದ್ದ ಒಂದು ಹೆಚ್ಚುವರಿ ಭಾಗ ಬೆಳೆದು ಬೆಳೆದು ಸ್ವತಂತ್ರ ಆಟವೇ ಆಗಿದ್ದು. ಬಿಡುಗಡೆಯ ಹೊತ್ತಿಗೆ ಕೊಳ್ಳುವವರ ನೂಕುನುಗ್ಗಲಿಗೆ ಸ್ಟೀಮ್ ಸೇರಿದಂತೆ ಆನ್‌ಲೈನ್ ಅಂಗಡಿಗಳೇ ಸ್ವಲ್ಪ ಹೊತ್ತು ಕುಸಿದವು. ಆಡಿದವರು ಹೆಚ್ಚು ಗೊಣಗಿದ್ದು ಬಾಸ್‌ಗಳ ಕಾಠಿಣ್ಯದ ಬಗ್ಗೆ, ಅದರ ಜೊತೆಗೇ ಬೆಂಚಿನಿಂದ ಬಾಸ್‌ವರೆಗಿನ ಉದ್ದನೆಯ ನಡಿಗೆಯ ಬಗ್ಗೆ. ಸತ್ತಾಗಲೆಲ್ಲ ಅದೇ ದಾರಿ ತುಳಿಯಬೇಕು. ಗೊಣಗಾಟದಲ್ಲಿ ಹುರುಳಿದೆ. ಶಕ್ತಿ ಬೆಳೆಯದೆ, ಹೊಸದೇನೂ ಕಾಣದೆ ಮತ್ತೆ ಮತ್ತೆ ನಡೆಯುವ ದಾರಿಗೆ ಹಿಂದಿರುಗುವ ಸುಖವಿಲ್ಲ, ಅದು ಬರೀ ಶಿಕ್ಷೆ. ಆದರೂ ನಾಯಕಿ ಹಾರ್ನೆಟ್‌ಳ ಓಟ ನೆಗೆತಗಳು ಎಷ್ಟು ಚುರುಕೆಂದರೆ, ಕೈ ಪಳಗಿದ ಮೇಲೆ ಆ ನಡಿಗೆಯೇ ಒಂದು ನೃತ್ಯವಾಗಿ ಬದಲಾಗುವುದನ್ನು ಒಪ್ಪಬೇಕು. ಪಳಗುವವರೆಗೆ ತಾಳ್ಮೆ ಇರಬೇಕು, ಅಷ್ಟೇ.

ದಾರಿ ತಪ್ಪುವುದೇ ಬೇಡ ಎನ್ನುವವರಿಗೆ ನಿಂಟೆಂಡೊ 2021ರಲ್ಲಿ ‘ಮೆಟ್ರಾಯ್ಡ್ ಡ್ರೆಡ್’ ಕೊಟ್ಟಿತು. ಕಟ್ಟಿದ್ದು ಸ್ಪೇನಿನ ಮರ್ಕ್ಯುರಿಸ್ಟೀಮ್, ಮೇಲ್ವಿಚಾರಣೆ ಅದೇ ಸಕಾಮೊಟೊ. ಸಾಮಸ್‌ಳ ಓಟ ಇಷ್ಟು ನಯವಾಗಿ ಹಿಂದೆಂದೂ ಇರಲಿಲ್ಲ. ಆದರೆ ಅದನ್ನು ಆಡುವಾಗ ಗಮನಿಸಿ: ನೀವು ಮುಂದೆ ಹೋದಂತೆ ಹಿಂದಿನ ದಾರಿ ಮೆಲ್ಲನೆ ಮುಚ್ಚಿಕೊಳ್ಳುತ್ತಿರುತ್ತದೆ. ಎತ್ತರದಿಂದ ಹಾರಿದಿರಿ, ಮತ್ತೆ ಹತ್ತಲಾಗದು. ಕಲ್ಲು ಕುಸಿಯಿತು, ಹಿಂದಿರುಗಲಾಗದು. ತೆರೆದಿರುವ ಒಂದೇ ದಾರಿಯಲ್ಲಿ ನಡೆಯುತ್ತಿದ್ದರೂ ನಾನೇ ಹುಡುಕಿದೆ ಎಂಬ ಭ್ರಮೆ. ಇದೂ ಒಂದು ದೊಡ್ಡ ಕಲೆಯೇ, ಆದರೆ ಕೈ ಹಿಡಿದು ನಡೆಸುವ ಕಲೆ. ಹೊಸಬರಿಗೆ ಹಿತ, ಪಳಗಿದವರಿಗೆ ಸ್ವಲ್ಪ ಉಸಿರುಕಟ್ಟು.

ಯೂಬಿಸಾಫ್ಟ್‌ನ ಮಾಂಟ್‌ಪೆಲಿಯೇ ಶಾಖೆ 2024ರ ಜನವರಿಯಲ್ಲಿ ತಂದ ‘ಪ್ರಿನ್ಸ್ ಆಫ್ ಪರ್ಷಿಯಾ: ದ ಲಾಸ್ಟ್ ಕ್ರೌನ್’ ದಾರಿ ತಪ್ಪುವ ತೊಂದರೆಗೆ ಬೇರೆ ಉಪಾಯ ಹೂಡಿತು. ದಾಟಲಾಗದ ಜಾಗ ಕಂಡಾಗ ಒಂದು ಬಟನ್ ಒತ್ತಿದರೆ ಆ ಕ್ಷಣದ ಚಿತ್ರ ನಕಾಶೆಯ ಮೇಲೆ ಅಂಟಿಕೊಳ್ಳುತ್ತದೆ. ವಾರ ಬಿಟ್ಟು ಆಟ ತೆರೆದರೂ, ‘ಈ ಗುರುತು ಯಾಕೆ ಹಾಕಿದ್ದೆ?’ ಎಂದು ತಲೆ ಕೆರೆದುಕೊಳ್ಳಬೇಕಿಲ್ಲ. ಕೆಲಸ, ಸಂಸಾರಗಳ ನಡುವೆ ರಾತ್ರಿ ಒಂದು ಗಂಟೆ ಕದ್ದು ಆಡುವವರ ಕಷ್ಟ ಅರ್ಥವಾದವರು ಮಾಡಿದ ಉಪಕಾರವಿದು. ಇಷ್ಟು ಸರಳವಾದದ್ದು ಯಾರಿಗೂ ಮೊದಲೇ ಯಾಕೆ ಹೊಳೆಯಲಿಲ್ಲವೋ!

ಇನ್ನು ಕೊನೆಯ ಕವಲು, ನನ್ನ ಪ್ರಕಾರ ಎಲ್ಲಕ್ಕಿಂತ ಸೋಜಿಗದ್ದು. ಶಕ್ತಿಯನ್ನೇ ಕೊಡದೆ ಬೀಗ ತೆಗೆಸುವ ಆಟಗಳಿವೆ. ಡಚ್ಚರ ಟೂ ಟ್ರೈಬ್ಸ್ ಕಂಪನಿಯ ‘ಟೊಕಿ ಟೋರಿ 2’ರಲ್ಲಿ ದಪ್ಪ ಹಳದಿ ಕೋಳಿಮರಿಗೆ ಬರುವುದು ಎರಡೇ ಕೆಲಸ: ಶಿಳ್ಳೆ ಹಾಕುವುದು, ನೆಲ ಗುದ್ದುವುದು. ಹಾರಲೂ ಬರುವುದಿಲ್ಲ. ಮೊದಲಿನಿಂದ ಕೊನೆಯವರೆಗೂ ಅಷ್ಟೇ. ಶಿಳ್ಳೆಗೆ ಯಾವ ಪ್ರಾಣಿ ಬಳಿ ಬರುತ್ತದೆ, ಗುದ್ದಿಗೆ ಯಾವುದು ಬೆಚ್ಚಿ ಸರಿಯುತ್ತದೆ ಎಂದು ನೋಡುತ್ತ ಕಲಿತಂತೆ ಲೋಕ ತೆರೆಯುತ್ತದೆ. ಬಿಲ್ಲಿ ಬಾಸೊ ಎಂಬಾತ ಒಬ್ಬನೇ ಏಳು ವರ್ಷದಷ್ಟು ಕಾಲ ಕೂತು ಕಟ್ಟಿ 2024ರ ಮೇ ತಿಂಗಳಲ್ಲಿ ಹೊರಬಿಟ್ಟ ‘ಆ್ಯನಿಮಲ್ ವೆಲ್’ ಇದೇ ಮನೆತನದ್ದು. ಅದರಲ್ಲಿ ಕತ್ತಿಯಿಲ್ಲ, ಬಂದೂಕಿಲ್ಲ, ಸಿಗುವುದೆಲ್ಲ ಆಟಿಕೆ. ಸೋಪಿನ ಗುಳ್ಳೆ ಊದುವ ಕೋಲು, ಯೋಯೋ, ಎಸೆಯುವ ತಟ್ಟೆ, ಕೊಳಲು. ಗುಳ್ಳೆ ಊದಿ ಅದರ ಮೇಲೆ ನಿಲ್ಲಬಹುದೆಂದು ಹೊಳೆದ ಕ್ಷಣ ಹಿಂದೆ ಬಿಟ್ಟುಬಂದ ಕಟ್ಟೆಗಳೆಲ್ಲ ಒಟ್ಟಿಗೆ ನೆನಪಾಗುತ್ತವೆ. ಮೇಲ್ನೋಟದ ಆಟ ಮುಗಿದ ಮೇಲೆ ಅದರಡಿ ಇನ್ನೊಂದು ಪದರ, ಅದರಡಿ ಮತ್ತೊಂದು. ಕೆಳಗಿಳಿದಂತೆ ಬೇಕಾಗುವುದು ವಸ್ತುವಲ್ಲ, ತಿಳಿವಳಿಕೆ. ಇಷ್ಟನ್ನೂ ಆತ ಮೂವತ್ತು ಚಿಲ್ಲರೆ ಮೆಗಾಬೈಟಿನಲ್ಲಿ ತುಂಬಿದ್ದಾನೆ. ಆದರೆ ಕಟ್ಟಕಡೆಯ ಪದರಗಳು ಒಬ್ಬೊಬ್ಬರಿಗೆ ದಕ್ಕುವಂಥವಲ್ಲ, ಊರೆಲ್ಲ ಕೂಡಿ ಬಿಡಿಸಬೇಕಾದ ಒಗಟುಗಳು. ಅಲ್ಲಿಗೆ ಮುಟ್ಟಿದಾಗ ನಾನು ಸಂತೋಷವಾಗಿ ಕೈಚೆಲ್ಲುತ್ತೇನೆ.

ಹಾಗಾದರೆ ಆಯ್ಕೆ ಹೇಗೆ? ಅಂಗಡಿಯಲ್ಲಿ ಈ ಹೆಸರಿನ ಆಟಗಳು ರಾಶಿ ಬಿದ್ದಿವೆ, ವಾರಕ್ಕೊಂದು ಹೊಸದು ಬರುತ್ತಿದೆ. ಟ್ರೇಲರ್ ನೋಡಿ ಮೋಸಹೋಗುವುದು ಸುಲಭ, ಏಕೆಂದರೆ ಟ್ರೇಲರಿನಲ್ಲಿ ಕಾಳಗ ಕಾಣುತ್ತದೆ, ಹಿಂದಿರುಗುವ ದಾರಿ ಕಾಣುವುದಿಲ್ಲ. ಸ್ಟೀಮ್‌ನಲ್ಲಿ ಕೊಂಡ ಆಟವನ್ನು ಎರಡು ಗಂಟೆಯೊಳಗೆ ಆಡಿ, ಎರಡು ವಾರದೊಳಗೆ ಬೇಡವೆಂದರೆ ಹಣ ವಾಪಸ್ ಕೊಡುತ್ತಾರೆ. ಆ ಎರಡು ಗಂಟೆ ಪರೀಕ್ಷೆಗೆ ಸಾಕು. ಮೊದಲು ಬರೀ ಓಡಿ, ಹಾರಿ. ಶತ್ರುಗಳಿಲ್ಲದ ಕೋಣೆಯಲ್ಲಿ ಸುಮ್ಮನೆ ಹಾರುವುದೇ ಬೇಸರವೆನಿಸಿದರೆ ಮುಂದಿನ ಇಪ್ಪತ್ತು ಗಂಟೆ ಹಾರುತ್ತಲೇ ಇರಬೇಕು ಎಂಬುದನ್ನು ನೆನೆದುಕೊಳ್ಳಿ. ಆಮೇಲೆ ಮೊದಲ ಶಕ್ತಿ ಸಿಗುವವರೆಗೆ ಆಡಿ. ಸಿಕ್ಕ ಕೂಡಲೇ, ನಕಾಶೆ ತೆರೆಯದೆ, ಅದನ್ನು ಬಳಸಬಹುದಾದ ಎರಡು ಜಾಗಗಳು ತಾವಾಗಿ ನೆನಪಿಗೆ ಬಂದವೇ? ಬಂದಿದ್ದರೆ ಕಟ್ಟಿದವರಿಗೆ ಕಸುಬು ಗೊತ್ತು. ಒಂದೂ ಬರಲಿಲ್ಲವೆಂದರೆ ಕೋಣೆಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದವು. ಹಣ ವಾಪಸ್ ಕೇಳಿ.

ಕಂಟ್ರೋಲರ್ ಕೈಯಲ್ಲಿ ಹಿಡಿದು ಅಭ್ಯಾಸವೇ ಇಲ್ಲದವರಿಗೆ ನಾನು ಓರಿ ಅಥವಾ ಡ್ರೆಡ್ ಹೇಳುತ್ತೇನೆ. ಕಾಳಗವೆಂದರೆ ಆಗದವರಿಗೆ ಆ್ಯನಿಮಲ್ ವೆಲ್. ದಿನಕ್ಕೆ ಅರ್ಧ ಗಂಟೆಯಷ್ಟೇ ಬಿಡುವಿರುವವರಿಗೆ ಪ್ರಿನ್ಸ್ ಆಫ್ ಪರ್ಷಿಯಾ, ಅದರ ಚಿತ್ರಗುರುತುಗಳಿಗಾಗಿ. ಲೆವೆಲ್, ಆಯುಧಗಳ ಭರಾಟೆ ಇಷ್ಟಪಡುವವರಿಗೆ ಸಿಂಫನಿ, ಇಲ್ಲವೇ ಇಗಾರಶಿ ಕೊನಾಮಿ ಬಿಟ್ಟ ಮೇಲೆ ಜನರಿಂದ ಹಣ ಕೂಡಿಸಿ 2019ರಲ್ಲಿ ಕಟ್ಟಿದ ‘ಬ್ಲಡ್‌ಸ್ಟೇನ್ಡ್’. ಒಂದು ತಿಂಗಳು ಒಂದೇ ಲೋಕದಲ್ಲಿ ವಾಸ ಮಾಡಲು ಸಿದ್ಧರಿದ್ದರೆ ಹಾಲೋ ನೈಟ್. ಸಾಧಾರಣ ಲ್ಯಾಪ್‌ಟಾಪಿನಲ್ಲೂ ಅದು ಓಡುತ್ತದೆ. ಒಂದೇ ಒಂದು ಆಟ ಎಂದು ಪಟ್ಟು ಹಿಡಿದರೆ ಸೂಪರ್ ಮೆಟ್ರಾಯ್ಡ್, ಸ್ವಿಚ್ ಯಂತ್ರವಿದ್ದವರಿಗೆ ನಿಂಟೆಂಡೊದ ಚಂದಾ ಸೇವೆಯಲ್ಲಿ ಸಿಗುತ್ತದೆ. ಓಡಲು ಬೇರೆ ಬಟನ್ ಇದೆ ಎಂಬುದೊಂದನ್ನು ಮಾತ್ರ ಮೊದಲೇ ತಿಳಿದಿಟ್ಟುಕೊಳ್ಳಿ. ಕಾಲಿಟ್ಟರೆ ಕುಸಿಯುವ ಸೇತುವೆಯೊಂದರಲ್ಲಿ ಅದು ಗೊತ್ತಿಲ್ಲದೆ ಒದ್ದಾಡಿದವರು ಎಷ್ಟು ಜನವೆಂದರೆ, ಆಡುವವರ ಬಾಯಲ್ಲಿ ಆ ಸೇತುವೆಗೆ ‘ನೂಬ್ ಬ್ರಿಡ್ಜ್’ ಎಂದೇ ಹೆಸರು.

ಕಾಸು ಖರ್ಚು ಮಾಡದೆ ರುಚಿ ನೋಡಬೇಕೆನ್ನುವವರಿಗೂ ಒಂದುಂಟು. ಪಿಕ್ಸೆಲ್ ಎಂಬ ಹೆಸರಿನಲ್ಲಿ ಬರೆಯುವ ಜಪಾನಿನ ಡೈಸುಕೆ ಅಮಾಯಾ ಐದು ವರ್ಷ ಬಿಡುವಿನ ವೇಳೆಯಲ್ಲಿ ಒಬ್ಬರೇ ಚಿತ್ರ, ಸಂಗೀತ, ಕಥೆ, ಪ್ರೋಗ್ರಾಂ ಎಲ್ಲ ಮಾಡಿ 2004ರಲ್ಲಿ ಬಿಟ್ಟ ‘ಕೇವ್ ಸ್ಟೋರಿ’. ಅದು ಆಗ ಪುಕ್ಕಟೆಯಾಗಿ ಬಂತು, ಆ ಮೂಲ ರೂಪ ಈಗಲೂ ಪುಕ್ಕಟೆಯೇ. ದಾರಿ ಸ್ವಲ್ಪ ನೇರ, ಅಲೆದಾಟ ಕಡಿಮೆ, ಹಾಗಾಗಿ ಕಟ್ಟುನಿಟ್ಟಿನವರು ಇದನ್ನು ಈ ಪಂಗಡಕ್ಕೆ ಸೇರಿಸಲು ಒಪ್ಪುವುದಿಲ್ಲ. ಇರಲಿ. ಹಳೆಯ ಕಂಪ್ಯೂಟರೊಂದು ಮೂಲೆಯಲ್ಲಿ ಬಿದ್ದಿದ್ದರೆ ಅದರಲ್ಲಿಯೇ ಹಾಕಿ ನೋಡಿ.